ಗಿನಿ ಪಿಗ್ಗಿಗೆ ಮಾಳಿಗೆ ಬೇಕೋ, ಕಟ್ಟೆ ಸಾಕೋ?

ಹೋದ ವರ್ಷ ಯುಗಾದಿ ಎರಡು ದಿನ ಇದ್ದಾಗ ನಮ್ಮ ಶೇಂಗಾದ ಕಾಲುಗುರು ಕಿತ್ತುಬಂತು. ಶೇಂಗಾ ಅಂದರೆ ನಮ್ಮನೆಯ ಕಂದು ಗಿನಿ ಪಿಗ್. ಜೊತೆಗಾತಿಯ ಹೆಸರು ಬೆಲ್ಲ. ಎರಡೂ ಹೆಣ್ಣು, ಎರಡಕ್ಕೂ ಹೆಸರಿಟ್ಟವಳು ಮಗಳು. ಬೆಳಿಗ್ಗೆ ಅಡುಗೆಮನೆಯಲ್ಲಿ ಕೊತ್ತಂಬರಿ ಕಟ್ಟು ಬಿಚ್ಚಿದ ಸಪ್ಪಳ ಕಿವಿಗೆ ಬಿದ್ದರೆ ಸಾಕು, ಮೇಲಿನ ಅಂತಸ್ತಿನಿಂದ ‘ವೀಕ್ ವೀಕ್’ ಎಂದು ಕೂಗುತ್ತ ಕೆಳಗೆ ಓಡಿ ಬರುವುದು ಶೇಂಗಾದ ರೂಢಿ. ಅವತ್ತು ಅರ್ಧ ದಾರಿಯಲ್ಲಿ ಕೂಗಿನ ಧಾಟಿ ಬದಲಾಯಿತು. ಓಡಿಹೋಗಿ ನೋಡಿದೆ. ಇಳಿಜಾರು ಹಲಗೆಗೆ ಹೊಡೆದ ಅಡ್ಡಪಟ್ಟಿಗಳಲ್ಲಿ ಒಂದು ಸಡಿಲಾಗಿ ಮೇಲೆದ್ದಿತ್ತು. ಅದರಡಿ ಹಿಂಗಾಲಿನ ಉಗುರು ಸಿಕ್ಕು, ತಲೆ ಕೆಳಗಾಗಿ, ಮೈ ಹಲಗೆಯಿಂದಾಚೆ ಜೋತುಬಿದ್ದಿತ್ತು. ನಾನು ಎತ್ತಿ ಬಿಡಿಸುವಷ್ಟರಲ್ಲಿ ತಾನೇ ಒದ್ದಾಡಿ ಉಗುರು ಕಿತ್ತುಕೊಂಡಿತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ, ಐದು ನಿಮಿಷಕ್ಕೆ ರಕ್ತ ನಿಂತಿತು. ಕಾಲು ಮುರಿಯದೆ ಉಳಿದದ್ದು ನಮ್ಮ ಪುಣ್ಯ.

ಸಂಜೆ ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲು, ಒಂದಿಷ್ಟು ದಾರ ಹಿಡಿದು ಗೂಡಿನ ಮುಂದೆ ಕೂತೆ. ಅಂಗಡಿಯಿಂದ ತಂದ ಎರಡಂತಸ್ತಿನ ಗೂಡು ಅದು, ನೋಡಲು ಬಲು ಚೆಂದ. ಮೇಲಂತಸ್ತಿನ ಎತ್ತರ 40 ಸೆಂಟಿಮೀಟರ್, ಹಲಗೆಯ ಉದ್ದ 55. ಲೆಕ್ಕ ಹಾಕಿದರೆ ಇಳಿಜಾರು ಸುಮಾರು 47 ಡಿಗ್ರಿ. ನಾವು ದಿನಾ ಹತ್ತಿಳಿಯುವ ಮನೆಯ ಮೆಟ್ಟಿಲೂ ಇಷ್ಟು ಕಡಿದಾಗಿರುವುದಿಲ್ಲ.

ಆಮೇಲೆ ಈ ಒಂದು ವರ್ಷದಲ್ಲಿ ಮೂರು ಗೂಡು ಕಟ್ಟಿಸಿದ್ದೇನೆ, ಇಲ್ಲವೇ ರಿಪೇರಿ ಮಾಡಿಸಿದ್ದೇನೆ. ಒಂದು ಬಾಗಲಕೋಟೆ ನವನಗರದ ನಮ್ಮ ಮನೆಯದು, ಇನ್ನೊಂದು ಬೆಳಗಾವಿಯ ಟಿಳಕವಾಡಿಯಲ್ಲಿರುವ ತಂಗಿಯದು, ಮತ್ತೊಂದು ವಿಜಯಪುರದ ಸೋದರಮಾವನ ಮನೆಯದು. ಮೂರೂ ಊರಿನ ಹವೆ ಬೇರೆ, ಮೂರೂ ಮನೆಯ ಜಾಗ ಬೇರೆ. ಯಾವ ಗೂಡು ಯಾರಿಗೆ ಹೊಂದುತ್ತದೆ, ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಅದೇ ಅನುಭವದಿಂದ ಬರೆಯುತ್ತಿದ್ದೇನೆ.

ಬೆಟ್ಟದ ಪ್ರಾಣಿ, ಆದರೆ ಹತ್ತುವ ಪ್ರಾಣಿಯಲ್ಲ

ಗಿನಿ ಪಿಗ್ಗಿನ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಸೀಮೆ. ‘ಹಂಗಾರ ಗುಡ್ಡಾ ಹತ್ತೂ ಪ್ರಾಣಿನss’ ಎಂದು ಮಾಮಾ ವಾದಕ್ಕೆ ನಿಂತಿದ್ದರು. ಅಲ್ಲ. ಅದರ ಕಾಡಿನ ಬಳಗ ಬದುಕುವುದು ಹುಲ್ಲುಗಾವಲಲ್ಲಿ, ಎತ್ತರದ ಹುಲ್ಲಿನ ನಡುವೆ ಸುರಂಗದಂತೆ ದಾರಿ ಮಾಡಿಕೊಂಡು. ಮರ ಹತ್ತುವುದಿಲ್ಲ, ಬಂಡೆಯಿಂದ ಬಂಡೆಗೆ ಹಾರುವುದಿಲ್ಲ. ಕಣ್ಣು ತಲೆಯ ಎರಡು ಬದಿಗಿರುವುದರಿಂದ ಮೇಲಿಂದ ಬರುವ ಹದ್ದು ಬೇಗ ಕಾಣಿಸುತ್ತದೆ. ಮುಂದಿರುವ ತಗ್ಗು ಎಷ್ಟು ಆಳ ಎಂಬ ಅಂದಾಜು ಮಾತ್ರ ಸರಿಯಾಗಿ ಸಿಗುವುದಿಲ್ಲ. ಮೈ ಒಂದು ಕೆಜಿಯ ಆಸುಪಾಸು, ಕಾಲು ಗಿಡ್ಡ. ಬೆಕ್ಕಿನಂತೆ ಗಾಳಿಯಲ್ಲಿ ತಿರುಗಿ ಕಾಲ ಮೇಲೆ ನಿಲ್ಲುವುದೂ ಬರುವುದಿಲ್ಲ. ಹೀಗಾಗಿ ಒಂದೂವರೆ ಅಡಿ ಮೇಲಿಂದ ಬಿದ್ದರೂ ಕಾಲು ಮುರಿಯಬಹುದು, ಮುಂಬಲ್ಲು ಒಡೆಯಬಹುದು, ಬೆನ್ನುಹುರಿಗೆ ಪೆಟ್ಟಾಗಬಹುದು.

ಬೆದರಿದಾಗ ಅದು ಮಾಡುವುದು ಎರಡೇ. ಇದ್ದಲ್ಲೇ ಕಲ್ಲಾಗುತ್ತದೆ, ಇಲ್ಲದಿದ್ದರೆ ದಿಕ್ಕು ನೋಡದೆ ಓಡುತ್ತದೆ. ಖುಷಿಯಾದಾಗಲೂ ಕಷ್ಟವೇ. ಹುರಿಗಡಾಯಿಯಲ್ಲಿ ಅರಳು ಸಿಡಿದಂತೆ ನಿಂತಲ್ಲೇ ಮೇಲೆ ಹಾರುತ್ತದೆ, ಹಾರುವಾಗ ಅಂಚು ಎಲ್ಲಿದೆ ಎಂಬ ಖಬರು ಇರುವುದಿಲ್ಲ.

ಅಂಗಡಿಗಳಲ್ಲಿ ಸಿಗುವ ಎರಡಂತಸ್ತಿನ ಗೂಡುಗಳಲ್ಲಿ ಬಹುತೇಕ ಮೊಲಕ್ಕೆಂದು ಮಾಡಿದವು. ಮೊಲ ಜಿಗಿಯುವ ಪ್ರಾಣಿ, ಅದಕ್ಕೆ ಆ ಹಲಗೆ ನೆಪಮಾತ್ರ. ಅದೇ ಗೂಡನ್ನು ‘ಮೊಲ, ಗಿನಿ ಪಿಗ್ ಎರಡಕ್ಕೂ’ ಎಂದು ಮಾರುತ್ತಾರೆ. ನಾವು ಮೋಸಹೋದದ್ದು ಅಲ್ಲೇ.

ನಮ್ಮ ಕಡೆಯ ಹಳೆ ಮನೆ ನೆನಪಿಸಿಕೊಳ್ಳಿ. ಬಾಗಿಲ ಮುಂದೆ ಕಟ್ಟೆ, ತಲೆಯ ಮೇಲೆ ಮಣ್ಣಿನ ಮಾಳಿಗೆ. ಕಟ್ಟೆಯಿಂದ ಕೂಸು ಉರುಳಿಬಿದ್ದರೆ ಅತ್ತು ಸುಮ್ಮನಾಗುತ್ತದೆ. ಮಾಳಿಗೆಯಿಂದ ಬಿದ್ದರೆ ಊರೆಲ್ಲ ಸೇರುತ್ತದೆ. ಗಿನಿ ಪಿಗ್ಗಿನ ಎರಡನೇ ಅಂತಸ್ತು ಕಟ್ಟೆಯಂತಿರಬೇಕು, ಮಾಳಿಗೆಯಂತಲ್ಲ. ನನ್ನ ಲೆಕ್ಕದಲ್ಲಿ 20ರಿಂದ 25 ಸೆಂಟಿಮೀಟರ್ ಎತ್ತರ ಸಾಕು. ಕೆಳಗೆ ನುಗ್ಗಿ ಮಲಗಲು ನೆರಳಿನ ಗವಿಯಾಗುತ್ತದೆ, ಮೇಲೆ ಕೂತು ಮನೆಮಂದಿಯನ್ನು ನೋಡಲು ಜಾಗವಾಗುತ್ತದೆ. ಅವಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಎರಡಂತಸ್ತು ಬೇಕೆನ್ನುವುದು ನಮ್ಮ ಕಣ್ಣಿನ ಆಸೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಾಗದ ಲೆಕ್ಕ ಹಾಕುವಾಗ ಮೇಲಂತಸ್ತನ್ನು ಸೇರಿಸಬೇಡಿ. ಎರಡು ಗಿನಿ ಪಿಗ್ಗಿಗೆ ನೆಲದ ಮೇಲೆಯೇ ಸುಮಾರು 10 ಚದರ ಅಡಿ, ಅಂದರೆ 2 ಅಡಿ ಅಗಲ 5 ಅಡಿ ಉದ್ದ ಇರಲಿ. ಅವು ಓಡುವುದು ಉದ್ದಕ್ಕೆ. ಒಂದರ ಮೇಲೊಂದು ಎರಡು ಸಣ್ಣ ಪೆಟ್ಟಿಗೆ ಇಟ್ಟರೆ ಲೆಕ್ಕಕ್ಕೆ ಜಾಗ ಬರುತ್ತದೆ, ಓಟಕ್ಕೆ ಬರುವುದಿಲ್ಲ.

ನಾಲ್ಕು ಬಗೆಯ ಗೂಡು

ಮೊದಲನೆಯದು ಅಂಗಡಿಯ ರೆಡಿಮೇಡ್ ಕಟ್ಟಿಗೆ ಗೂಡು. ಅನುಕೂಲ ಏನೆಂದರೆ ತಂದ ದಿನವೇ ಸಿದ್ಧ. ಅನಾನುಕೂಲದ ಪಟ್ಟಿ ಉದ್ದ: ಕಡಿದಾದ ಹಲಗೆ, ಒಂದು ಗೇಣೂ ಇಲ್ಲದ ಅಗಲ, ಬದಿಗೆ ತಡೆಯಿಲ್ಲ, ಮೇಲೆ ಹತ್ತಿದ ಕೂಡಲೇ ಕಾಲಡಿ ಬಾಯ್ದೆರೆದ ತೂತು, ಬೆರಳಲ್ಲಿ ತಿರುಗಿಸುವ ಕಟ್ಟಿಗೆಯ ತುಂಡೇ ಚಿಲಕ. ಹಾಗಂತ ಈಗಾಗಲೇ ತಂದವರು ಎಸೆಯಬೇಕಿಲ್ಲ. ಮೇಲಂತಸ್ತಿನ ಹಲಗೆಯನ್ನು ಬಿಚ್ಚಿ 15 ಸೆಂಟಿಮೀಟರ್ ಕೆಳಗಿಳಿಸಿ ಮತ್ತೆ ಕೂರಿಸಲು ಬಡಿಗೇರರಿಗೆ ಅರ್ಧ ದಿನದ ಕೆಲಸ. ನಮ್ಮ ಹಳೆ ಗೂಡಿಗೆ ಮಾಡಿಸಿದ್ದು ಇದನ್ನೇ. ಇಳಿಸಲು ಬಾರದ ವಿನ್ಯಾಸವಾದರೆ ಮೇಲಿನ ತೂತನ್ನು ಪ್ಲೈವುಡ್ ಹೊಡೆದು ಮುಚ್ಚಿ, ಮೇಲಿನದನ್ನು ಹುಲ್ಲು ಇಡುವ ಕಪಾಟು ಮಾಡಿಕೊಳ್ಳಿ. ಕೆಳಗೆ ಬಾಗಿಲ ಮುಂದೆ ಒಂದು ಅಂಗಳ ಜೋಡಿಸಿದರೆ ಗೂಡು ಗೂಡಾಗಿಯೇ ಉಳಿಯುತ್ತದೆ.

ಎರಡನೆಯದು ಬಡಿಗೇರರ ಹತ್ತಿರ ಮಾಡಿಸುವುದು. ನಮ್ಮ ಓಣಿಯ ಬಡಿಗೇರ ಕಾಕಾಗೆ ಅಳತೆ ಚೀಟಿ ಕೊಟ್ಟಾಗ ಅವರು ಕನ್ನಡಕ ಏರಿಸಿ ನೋಡಿ, ‘ಏನ್ರಿ ಅಕ್ಕಾರ, ಇಲಿಗೆ ಮಾಳಿಗಿ ಮನಿ ಕಟ್ಟಸ್ತೀರೇನು?’ ಅಂದರು. ‘ಮಾಳಿಗಿ ಅಲ್ಲ ಕಾಕಾ, ಕಟ್ಟಿ’ ಅಂದೆ. ನಕ್ಕು ಕೆಲಸಕ್ಕೆ ಹಿಡಿದರು. ಬೇಕಾದ ಅಳತೆ ಸಿಗುತ್ತದೆ ಎಂಬುದು ಇದರ ದೊಡ್ಡ ಗುಣ. ಆದರೆ ಕಟ್ಟಿಗೆಯ ವೈರಿ ಉಚ್ಚೆ. ಗಿನಿ ಪಿಗ್ ದಿನವಿಡೀ ಹೊಯ್ಯುತ್ತಿರುತ್ತದೆ, ಬರೀ ಪ್ಲೈವುಡ್ ಆರು ತಿಂಗಳಿಗೆ ಪದರು ಬಿಟ್ಟು ಉಬ್ಬುತ್ತದೆ, ಮೇಲಿನದು ಕೆಳಗಿನವರ ಬೆನ್ನ ಮೇಲೆ ಹನಿಯುತ್ತದೆ. ಆದ್ದರಿಂದ 12 ಮಿಲಿಮೀಟರ್ ಪ್ಲೈ, ಅದರ ಮೇಲೆ ನೆಲಕ್ಕೆ ಹಾಸುವ ಪಿವಿಸಿ ಶೀಟು, ಶೀಟಿನ ಅಂಚು ಬದಿಗೋಡೆಯ ಮೇಲೆ ಎರಡು ಬೆರಳು ಹತ್ತುವಂತೆ ಮಡಚಿ ಅಂಟಿಸಬೇಕು. ತುದಿ ಕಚ್ಚಲು ಸಿಗಬಾರದು, ಸಿಕ್ಕಿತೆಂದರೆ ಪಿವಿಸಿಯೂ ಅವಕ್ಕೆ ಊಟವೇ. ಮೇಲೆ ಕಟ್ಟಿಗೆಯ ಪಟ್ಟಿ ಹೊಡೆಸಿ. ಸಾಮಿಲ್ಲಿನ ಹೊಸ ಪ್ಯಾಕಿಂಗ್ ಕಟ್ಟಿಗೆ ಅಗ್ಗ, ಆದರೆ ರಾಳದ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು ಆಮೇಲೆ ಬಳಸಿ. ಒಳಗಡೆ ಎನಾಮೆಲ್ ಬಣ್ಣ ಬೇಡವೇ ಬೇಡ, ಅವು ಕೆರೆದು ತಿನ್ನುತ್ತವೆ.

ಮೂರನೆಯದು ವೆಲ್ಡಿಂಗ್ ಅಂಗಡಿಯ ಕಬ್ಬಿಣದ ಚೌಕಟ್ಟು. ಬೆಳಗಾವಿಯ ಉದ್ಯಮಬಾಗ ಕಡೆ ಹೋದರೆ ಬೇಕಾದ ಅಳತೆಗೆ ಮಾಡಿಕೊಡುವವರಿಗೆ ಬರವಿಲ್ಲ. ತಂಗಿ ಇದನ್ನೇ ಆರಿಸಿಕೊಂಡಳು, ಕಾರಣ ಓಣಿಯ ನಾಯಿ. ಗಟ್ಟಿತನದಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ವೆಲ್ಡಿಂಗ್‌ನವರು ನೆಲಕ್ಕೂ ಜಾಳಿಗೆಯನ್ನೇ ಹೊಡೆದುಕೊಡುತ್ತಾರೆ, ‘ಹೊಲಸು ಕೆಳಗ ಬೀಳ್ತೈತ್ರಿ, ಸ್ವಚ್ಛ ಇರ್ತೈತಿ’ ಎಂದು. ಒಪ್ಪಬೇಡಿ. ತಂತಿಯ ನೆಲದ ಮೇಲೆ ನಡೆದರೆ ಅಂಗಾಲು ಕೆಂಪಾಗಿ, ಒಡೆದು, ಹುಣ್ಣಾಗುತ್ತದೆ. ಒಮ್ಮೆ ಹುಣ್ಣಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ನೆಲ ಎಂದಿಗೂ ಗಟ್ಟಿ ಹಲಗೆಯದೇ ಇರಲಿ. ಇನ್ನೊಂದು, ಬೆಸುಗೆಯ ಮುಳ್ಳುಗಳು. ಮನೆಗೆ ತರುವ ಮುಂಚೆ ಹಳೆ ನೈಲಾನ್ ಸೀರೆಯ ತುಂಡು ಹಿಡಿದು ಒಳಗಿನ ಎಲ್ಲ ಅಂಚಿಗೂ ಸವರಿ ನೋಡಿ. ಎಲ್ಲಿ ಎಳೆ ಸಿಕ್ಕಿತೋ ಅಲ್ಲಿ ಗ್ರೈಂಡರ್ ಹಿಡಿಸಿ. ತಂಗಿಯ ಗೂಡಲ್ಲಿ ಹನ್ನೊಂದು ಕಡೆ ಸಿಕ್ಕಿತ್ತು.

ನಾಲ್ಕನೆಯದು ಮನೆಯೊಳಗಿಡುವವರಿಗೆ: ತಂತಿಯ ಚೌಕಗಳನ್ನು ಜೋಡಿಸಿದ ಬೇಲಿ, ಒಳಗೆ ಸನ್‌ಪ್ಯಾಕ್ ಶೀಟಿನ, ಅಂದರೆ ನಡುವೆ ಟೊಳ್ಳಿರುವ ಹಗುರ ಪ್ಲಾಸ್ಟಿಕ್ ಹಾಳೆಯ ತಟ್ಟೆ. ಚುನಾವಣೆ ಬೋರ್ಡು ಮಾಡುವ ಫ್ಲೆಕ್ಸ್ ಅಂಗಡಿಯಲ್ಲಿ ಆ ಶೀಟು ಸಿಗುತ್ತದೆ, ಬಟ್ಟೆ ಜೋಡಿಸುವ ಕಪಾಟಿನ ಚೌಕಗಳು ಆನ್‌ಲೈನಲ್ಲಿ. ಒಂದೊಂದು ಚೌಕ 35 ಸೆಂಟಿಮೀಟರ್. ಇದರಲ್ಲಿ ಪೂರ್ತಿ ಎರಡನೇ ಅಂತಸ್ತು ಕಟ್ಟುವ ಬದಲು ಒಂದು ಮೂಲೆಯಲ್ಲಿ ಅಟ್ಟ ಕಟ್ಟಬಹುದು. ಸನ್‌ಪ್ಯಾಕ್ ಒಂದನ್ನೇ ನಂಬಿ ಅಟ್ಟ ಕಟ್ಟಿದರೆ ತಿಂಗಳಲ್ಲಿ ನಡು ಬಾಗುತ್ತದೆ, ಅಡಿಗೆ ತಂತಿಚೌಕ ಕೊಟ್ಟು ಕೇಬಲ್ ಟೈ ಬಿಗಿಯಿರಿ, ಟೈ ಬಾಲ ಹೊರಗಡೆ ಬರಲಿ. ಚೌಕದ ಕಿಂಡಿ 4 ಸೆಂಟಿಮೀಟರಿಗಿಂತ ದೊಡ್ಡದಾದರೆ ಮರಿಗಳ ತಲೆ ಸಿಕ್ಕಿಕೊಳ್ಳುತ್ತದೆ. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತು, ಅದೇ ದಿನ ಓಡಾಡುತ್ತವೆ. ಅಂಗಡಿಯಿಂದ ತಂದ ಹೆಣ್ಣು ಬಸುರಿಯಿರುವುದು ಅಪರೂಪವೇನಲ್ಲ, ಹೀಗಾಗಿ ‘ನಮ್ಮಲ್ಲಿ ಮರಿ ಇಲ್ಲ’ ಎಂದು ಧೈರ್ಯದಿಂದ ಹೇಳಲಾಗದು.

ಮನೆಯೊಳಗೆ ಜಾಗವಿದ್ದರೆ ನನ್ನ ಓಟು ನಾಲ್ಕನೆಯದಕ್ಕೆ. ಅಗ್ಗ, ತೊಳೆಯಲು ಸುಲಭ, ತಪ್ಪಾದರೆ ಬಿಚ್ಚಿ ಮತ್ತೆ ಕಟ್ಟಬಹುದು. ಪಡಸಾಲೆಯಲ್ಲಿ ಬೆಕ್ಕಿರುವ ಮನೆಗೆ ಮಾತ್ರ ಮೇಲ್ಮುಚ್ಚಳ ಬೇಕೇ ಬೇಕು. ಹೊರಗಿನ ಪಡವಿಯಲ್ಲೇ ಇಡಬೇಕಾದವರು ಎರಡನೆಯದನ್ನೋ ಮೂರನೆಯದನ್ನೋ ನೋಡಿ.

ಇಳಿಜಾರು: ದುಡ್ಡು ಹಾಕಬೇಕಾದದ್ದು ಇಲ್ಲೇ

ಕೋನಮಾಪಕ ಬೇಡ. ಹಲಗೆಯ ಉದ್ದ ಎತ್ತರದ ಎರಡು ಪಟ್ಟಿದ್ದರೆ ಇಳಿಜಾರು ಸರಿಯಾಗಿ 30 ಡಿಗ್ರಿ, ಇದು ಗಡಿ. ಮೂರು ಪಟ್ಟಿದ್ದರೆ 20ಕ್ಕೆ ಹತ್ತಿರ, ಇದು ನೆಮ್ಮದಿ. 40 ಸೆಂಟಿಮೀಟರಿನ ಮಾಳಿಗೆಗೆ ನೆಮ್ಮದಿಯ ಹಲಗೆ ಬೇಕೆಂದರೆ 120 ಸೆಂಟಿಮೀಟರ್, ಅದು ಗೂಡಿಗಿಂತ ಉದ್ದವಾದೀತು. 25ರ ಕಟ್ಟೆಗೆ 75 ಸಾಕು. ಎತ್ತರ ಇಳಿಸಿದರೆ ಎಲ್ಲ ಸಮಸ್ಯೆಯೂ ತಾನಾಗಿ ಚಿಕ್ಕದಾಗುವುದು ಹೀಗೆ. ಜಾಗ ಸಾಲದಿದ್ದರೆ ನಡುವೆ ಒಂದು ಚೌಕ ಹಲಗೆ ಕೊಟ್ಟು ಇಳಿಜಾರನ್ನು ಎಲ್ ಆಕಾರಕ್ಕೆ ತಿರುಗಿಸಿ. ತಿರುವಿನ ಹಲಗೆ ಒಂದಡಿ ಉದ್ದ ಒಂದಡಿ ಅಗಲ ಇರಲಿ, ಎದುರುಬದುರಾದಾಗ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಲು ಬೇಕು.

ಹಲಗೆಯ ಅಗಲ 25 ಸೆಂಟಿಮೀಟರಿಗೆ ಕಡಿಮೆ ಬೇಡ. ಎರಡೂ ಬದಿಗೆ 10ರಿಂದ 12 ಸೆಂಟಿಮೀಟರ್ ಎತ್ತರದ ಗೋಡೆ ಕೊಡಿ. ಮೇಲೆ ಮುಚ್ಚಿಗೆ ಹಾಕಿ ಸುರಂಗ ಮಾಡಿದರೆ ಇನ್ನೂ ಒಳ್ಳೆಯದು, ಬಯಲಲ್ಲಿ ನಡೆಯಲು ಅಂಜುವ ಪ್ರಾಣಿಗೆ ಸುರಂಗ ಅಂದರೆ ತವರುಮನೆ. ನಮ್ಮ ಬೆಲ್ಲ ಬರೀ ಹಲಗೆಯನ್ನು ನಾಲ್ಕು ತಿಂಗಳು ಮೂಸಿ ಹಿಂದೆ ಸರಿಯುತ್ತಿತ್ತು. ಮುಚ್ಚಿಗೆ ಹಾಕಿದ ಮೂರನೇ ದಿನ ಹತ್ತಿತು.

ಹಲಗೆಯ ಬದಲು ಮೆಟ್ಟಿಲು ಆಗದೇ? ಕಟ್ಟೆ 20 ಸೆಂಟಿಮೀಟರಿನೊಳಗೆ ಇದ್ದರೆ ಆಗುತ್ತದೆ. ಇಟ್ಟಿಗೆಯನ್ನು ಮಲಗಿಸಿ ಜೋಡಿಸಿದರೆ ಒಂದು ಮೆಟ್ಟಿಲು ಮೂರು ಬೆರಳಿನಿಂದ ನಾಲ್ಕು ಬೆರಳು ಎತ್ತರ. ಪ್ರತಿ ಮೆಟ್ಟಿಲೂ ಇಡೀ ಪ್ರಾಣಿ ನಿಲ್ಲುವಷ್ಟು ಅಗಲವಿರಬೇಕು, ಇಟ್ಟಿಗೆ ಅಲುಗಾಡಬಾರದು. ವಿಜಯಪುರದ ಮಾಮಾ ಮಾಡಿದ್ದು ಇದನ್ನೇ, ಅವರ ಮುದಿ ಗಿನಿ ಪಿಗ್ ಈಗಲೂ ಹತ್ತುತ್ತದೆ. ಅದಕ್ಕಿಂತ ಎತ್ತರಕ್ಕೆ ಮೆಟ್ಟಿಲು ನನಗೆ ಸರಿಕಾಣುವುದಿಲ್ಲ, ಓಡಿಬರುವಾಗ ಒಂದು ತಪ್ಪಿದರೆ ಉಳಿದವೆಲ್ಲ ತಪ್ಪುತ್ತವೆ.

ಮೇಲಕ್ಕೆ ಮಡಚಿಡುವ, ಬಿಜಾಗ್ರಿ ಹಾಕಿದ ಹಲಗೆಯನ್ನು ಕೆಲವರು ಮೆಚ್ಚುತ್ತಾರೆ. ರಾತ್ರಿ ಮೇಲೆ ಕೂಡಿಹಾಕಬಹುದು ಎಂದು. ಕೂಡಿಹಾಕಿದರೆ ನೀರು, ಹುಲ್ಲು ಎರಡೂ ಮೇಲೆಯೇ ಇರಬೇಕಲ್ಲ. ಮೇಲಾಗಿ ಮಕ್ಕಳು ಹಲಗೆ ಇಳಿಸುವಾಗ ಕೆಳಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಬಿಜಾಗ್ರಿಯ ಸಂದಿಯಲ್ಲಿ ಬೆರಳು ಸಿಗುವುದೂ ಉಂಟು. ನಾನು ಸ್ಕ್ರೂ ಹಾಕಿ ಕೂರಿಸಿದ ಹಲಗೆಯ ಪಕ್ಷ.

ಕಾಲಡಿಗೆ ಏನು ಹಾಸಬೇಕು

ಇದರಲ್ಲಿ ನಾನು ಎಲ್ಲವನ್ನೂ ಪ್ರಯತ್ನಿಸಿ ಕೈಸುಟ್ಟುಕೊಂಡೆ. ಬರೀ ಪ್ಲೈ ಒಣಗಿದ್ದಾಗ ಪರವಾಗಿಲ್ಲ, ಒಂದು ಸಲ ಹೊಯ್ದರೆ ಜಾರುಬಂಡೆ. ರೆಕ್ಸಿನ್ ಅದಕ್ಕಿಂತ ಮೋಸ. ಪ್ಲಾಸ್ಟಿಕ್ ಹುಲ್ಲಿನ ಹಾಸು ಹಿಡಿತಕ್ಕೆ ಭೇಷಾಗಿದೆ, ಆದರೆ ಅವು ಅದನ್ನು ನಿಜವಾದ ಹುಲ್ಲೆಂದೇ ತಿಳಿದು ಕಡಿಯುತ್ತವೆ, ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಬಂತು. ತೆಂಗಿನ ನಾರಿನ ಕಾಲೊರಸು ಅಂಗಾಲಿಗೆ ಒರಟು.

ಆಮೇಲೆ ಕೌದಿ. ಅವ್ವನ ಹಳೆ ಕೌದಿಯ ತುಂಡು ಕತ್ತರಿಸಿ ಹಾಸಿದಾಗ ಎಷ್ಟು ಚೆಂದ ಕಂಡಿತೆಂದರೆ ಫೋಟೋ ತೆಗೆದು ತಂಗಿಗೆ ಕಳಿಸಿದ್ದೆ. ಮೆತ್ತಗೆ, ದಪ್ಪ, ನೀರು ಹೀರುತ್ತದೆ. ಆದರೆ ಕೌದಿ ಅಂದರೆ ಹೊಲಿಗೆ. ಸಾಲುಸಾಲು ಉದ್ದ ಟಾಕು, ತೊಳೆದಷ್ಟೂ ಸಡಿಲಾಗುವ ದಾರ. ಎಂಟನೇ ದಿನ ಬೆಲ್ಲದ ಉಗುರಿಗೆ ಒಂದು ಟಾಕು ಸುತ್ತಿಕೊಂಡಿತ್ತು. ಟರ್ಕಿ ಟವೆಲಿನ ಕುಣಿಕೆಗಳಿಗೂ ಇದೇ ದೋಷ. ಅಂದಮೇಲೆ ಉಳಿದದ್ದು ಚಳಿಗಾಲದಲ್ಲಿ ರಸ್ತೆಬದಿ ರಾಶಿಹಾಕಿ ಮಾರುವ ಫ್ಲೀಸ್ ಹೊದಿಕೆ. ಕುಣಿಕೆಯಿಲ್ಲ, ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ.

ನಮ್ಮಲ್ಲಿ ಈಗಿರುವುದು ಹೀಗೆ: ಹಲಗೆಯ ಮೇಲೆ ಒಂದು ಸೆಂಟಿಮೀಟರ್ ದಪ್ಪದ ಚಪ್ಪಟೆ ಪಟ್ಟಿಗಳು, ಐದಾರು ಸೆಂಟಿಮೀಟರಿಗೊಂದು. ಮೊಳೆಯಲ್ಲ, ಅಂಟು ಮತ್ತು ಕೆಳಗಿನಿಂದ ಸ್ಕ್ರೂ. ಅದರ ಮೇಲೆ ಫ್ಲೀಸ್ ಬಿಗಿಯಾಗಿ ಎಳೆದು ಹಲಗೆಯ ಬೆನ್ನಿಗೆ ಕ್ಲಿಪ್ಪು. ಪಟ್ಟಿ ಹಿಡಿತ ಕೊಡುತ್ತದೆ, ಬಟ್ಟೆ ಸಂದಿ ಮುಚ್ಚುತ್ತದೆ. ವಾರಕ್ಕೆರಡು ಸಲ ಬಟ್ಟೆ ಬದಲಿಸುವಾಗ ಪ್ರತಿ ಪಟ್ಟಿಯನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತೇನೆ. ಶೇಂಗಾದ ಉಗುರು ಕಲಿಸಿದ ಪಾಠ.

ಹೊಸ್ತಿಲು, ಜಾಳಿಗೆ, ಚಿಲಕ

ಕಟ್ಟೆಗೆ ಅಂಚುಕಟ್ಟು ಬೇಕು, ಬರೀ ಎರಡು ಬೆರಳಿನದಲ್ಲ, 15 ಸೆಂಟಿಮೀಟರಿನದು. ಹಲಗೆ ಬಂದು ಸೇರುವ ತೂತಿನ ಉಳಿದ ಮೂರು ಬದಿಗೂ ಇಷ್ಟೇ ಎತ್ತರದ ಕಟಾಂಜನ ಕೊಡಿ, ಹೆಚ್ಚಿನವು ಬೀಳುವುದು ಹೊರಗಲ್ಲ, ಒಳಗಿನ ಈ ತೂತಿನಲ್ಲಿ. ಮೇಲಿನ ಬಾಗಿಲಿಗೂ ಒಂದು ಹೊಸ್ತಿಲು ಇರಲಿ. ಸೊಪ್ಪು ತಂದ ಕೈ ಕಂಡರೆ ಎರಡೂ ಬಾಗಿಲಿಗೆ ಮುಗಿಬೀಳುತ್ತವೆ. ಹೊಸ್ತಿಲಿಲ್ಲದ ಬಾಗಿಲು ತೆರೆದರೆ ನೇರ ನಿಮ್ಮ ಕಾಲ ಮೇಲೆ.

ಜಾಳಿಗೆಯಲ್ಲಿ ಅಂಗಡಿಯವರು ಮೊದಲು ತೋರಿಸುವುದು ಕೋಳಿಗೂಡಿನ ಆರು ಮೂಲೆಯ ತಂತಿ. ಅದು ಕೋಳಿ ಹೊರಗೆ ಹೋಗದಂತೆ ತಡೆಯಲಷ್ಟೇ, ನಾಯಿ ಒಳಗೆ ಬರದಂತೆ ತಡೆಯಲು ಅಲ್ಲ. ಹಲ್ಲು ಹಾಕಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಅರ್ಧ ಇಂಚಿನ ಚೌಕದ ವೆಲ್ಡ್ ಮೆಶ್ ಕೇಳಿ. ತುಸು ದುಬಾರಿ, ಆದರೆ ಮುಂಗುಸಿ, ಹೆಗ್ಗಣ, ಬೆಕ್ಕಿನ ಪಂಜ ಮೂರಕ್ಕೂ ಉತ್ತರ ಅದೊಂದೇ. ನವನಗರದ ಖಾಲಿ ಸೈಟುಗಳಲ್ಲಿ ಮುಂಗುಸಿ ಹಗಲಲ್ಲೇ ಓಡಾಡುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಸ್ಟೇಪಲ್ ಪಿನ್ನು ನಂಬದೆ ವಾಷರ್ ಹಾಕಿ ಸ್ಕ್ರೂ ಬಿಗಿಸಿ. ಮೆಶ್ ಚೌಕಟ್ಟಿನ ಹೊರಗಡೆಯಿಂದಲೇ ಹೊಡೆಸಿ, ಕತ್ತರಿಸಿದ ತಂತಿಯ ತುದಿ ಒಳಗೆ ಇಣುಕದಿರಲಿ.

ಚಿಲಕ ಪ್ರತಿ ಬಾಗಿಲಿಗೆ ಎರಡು, ಮೇಲೊಂದು ಕೆಳಗೊಂದು, ಸರಿಸುವ ಕಬ್ಬಿಣದ್ದು.

ಒಂದೇ ಗೂಡು ಮೂರು ಊರಿಗಾಗದು

ಈ ಪ್ರಾಣಿಗೆ ಹಿತವಾದ ಹವೆ 18ರಿಂದ 24 ಡಿಗ್ರಿ. 27 ದಾಟಿದರೆ ಕಷ್ಟ ಶುರು. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಮೇ ತಿಂಗಳಲ್ಲಿ 40ರ ಆಸುಪಾಸು ಮಾಮೂಲು. ಬೆವರಿ ತಣ್ಣಗಾಗುವುದು ಅವಕ್ಕೆ ಬರುವುದಿಲ್ಲ. ಬಿಸಿಗಾಳಿ ಮೇಲೇರುವುದರಿಂದ ಗೂಡಿನ ಮೇಲಂತಸ್ತೇ ಒಲೆ. ಪತ್ರಾಸಿನ, ಅಂದರೆ ತಗಡಿನ ಚಾವಣಿಯ ಕೆಳಗೆ ಎರಡಂತಸ್ತಿನ ಗೂಡು ಇಟ್ಟರೆ ಇಳಿಜಾರಿನಿಂದ ಬೀಳುವ ಮಾತು ಹಾಗಿರಲಿ, ಮಧ್ಯಾಹ್ನ ಎರಡಕ್ಕೆ ಮೇಲೆ ಮಲಗಿದ್ದದ್ದು ನಾಲ್ಕಕ್ಕೆ ಏಳುವುದಿಲ್ಲ.

ಹಾಗಾಗಿ ಈ ಎರಡು ಊರಿನಲ್ಲಿ ಗೂಡು ಬೇಸಿಗೆಗೆ ಮನೆಯೊಳಗೇ ಬರಬೇಕು, ನೆಲಕ್ಕೆ ಹತ್ತಿರವಿರಬೇಕು. ಮಾರ್ಚ್ ಮುಗಿಯುವಾಗ ನಾನು ಇಳಿಜಾರು ಹಲಗೆಯನ್ನೇ ಬಿಚ್ಚಿ ಕಟ್ಟೆಗೆ ದಾರಿ ಮುಚ್ಚುತ್ತೇನೆ, ಮಳೆ ಬಿದ್ದ ಮೇಲೆ ಮತ್ತೆ ತೆರೆಯುತ್ತೇನೆ. ಕಟ್ಟೆಯ ಕೆಳಗಿನ ನೆರಳಲ್ಲಿ ಇಳಕಲ್ ಗ್ರಾನೈಟಿನ ಒಂದು ತುಂಡು ಇಟ್ಟಿದ್ದೇನೆ. ಮನೆ ಕಟ್ಟಿಸುವಾಗ ಉಳಿದ, ಅಡುಗೆ ಕಟ್ಟೆಯ ಚೂರು ಅದು. ಅಂಚು ಕೊಯ್ಯದಂತೆ ಉಜ್ಜಿಸಿದ್ದೇನೆ, ಅಷ್ಟೇ. ಮಾಮಾನ ಮನೆಯಲ್ಲಿ ಶಹಾಬಾದಿ ಫರಸಿಯ ನೆಲವೇ ಇರುವುದರಿಂದ ಆ ಕೆಲಸವೂ ಬೇಕಾಗಲಿಲ್ಲ. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರೆ ಅದಕ್ಕೆ ಒರಗಿ ಮಲಗುತ್ತವೆ. ಕೂಲರಿನ ಗಾಳಿ ನೇರ ಮೈಮೇಲೆ ಬೇಡ. ಜೊಲ್ಲು ಸುರಿಸುತ್ತ, ಮೈಚೆಲ್ಲಿ, ಏದುಸಿರು ಬಿಡುತ್ತಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿ, ಪಾದ ಒರೆಸುತ್ತ ಡಾಕ್ಟರ ಕಡೆ ಹೊರಡಿ. ಐಸ್ ನೀರಲ್ಲಿ ಮುಳುಗಿಸಬೇಡಿ.

ಬೆಳಗಾವಿಯದು ತಿರುಗಾಮುರುಗಾ. ಅಲ್ಲಿ ವೈರಿ ಬಿಸಿಲಲ್ಲ, ಜೂನ್‌ನಿಂದ ಸೆಪ್ಟೆಂಬರಿನ ಜಿಟಿಜಿಟಿ ಮಳೆ. ನೆಲಕ್ಕೆ ತಾಗಿದ ಗೂಡಿಗೆ ತೇವ ಏರುತ್ತದೆ, ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ಚರ್ಮಕ್ಕೆ ಹುಳುಕಡ್ಡಿ ಹತ್ತುತ್ತದೆ. ಹುಳುಕಡ್ಡಿ ಸಾಕಿದವರ ಕೈಗೂ ಹತ್ತುವ ರೋಗ, ತಂಗಿಯ ಮಗನಿಗೆ ಹತ್ತಿತ್ತು. ಅಲ್ಲಿ ಇಡೀ ಗೂಡಿಗೆ ಒಂದಡಿ ಕಾಲು ಕೊಡಬೇಕು, ಗಾಳಿ ಬೀಸುವ ಬದಿಗೆ ತಾಡಪತ್ರಿ ಇಳಿಬಿಡಬೇಕು, ಅದೂ ಪೂರ್ತಿ ಮುಚ್ಚದಂತೆ. ಗಾಳಿಯಾಡದಿದ್ದರೆ ಉಚ್ಚೆಯ ಅಮೋನಿಯಾ ವಾಸನೆ ಕೆಳಗಂತಸ್ತಿನಲ್ಲಿ ನಿಂತು ಎದೆಗೆ ಕೂರುತ್ತದೆ. ಮಳೆಗಾಲದಲ್ಲಿ ಒಣಗಿದ ಕಟ್ಟೆ ಅಲ್ಲಿ ನಿಜಕ್ಕೂ ಉಪಯೋಗದ್ದು, ತಂಗಿ ಹುಲ್ಲು ಮೇಲೆಯೇ ಇಡುತ್ತಾಳೆ. ಕಬ್ಬಿಣದ ಗೂಡಿಗೆ ವರ್ಷಕ್ಕೊಮ್ಮೆ ಹೊರಗಡೆಯಿಂದ ತುಕ್ಕು ಕೆರೆಯುವ ಕೆಲಸ ತಪ್ಪಿದ್ದಲ್ಲ.

ಹುಲ್ಲಿನ ಮಾತು ಬಂದಿತೆಂದು ಮೇವು, ಹಾಸಿಗೆ ಎರಡರ ಬಗ್ಗೆಯೂ ಒಂದು ಎಚ್ಚರಿಕೆ. ನಮ್ಮ ಕಡೆ ಜೋಳ ಬೇಕಾದಷ್ಟು. ಎಳೆ ಜೋಳದ ಹಸಿ ಎಲೆ ತಿಂದು ದನ ಸತ್ತ ಸುದ್ದಿ ರೈತರ ಮನೆಯವರಿಗೆಲ್ಲ ಗೊತ್ತು, ಅದರಲ್ಲಿ ಸಯನೈಡ್ ಹುಟ್ಟುತ್ತದೆ. ಗಿನಿ ಪಿಗ್ಗಿಗೂ ಅದು ವಿಷವೇ. ಸಾಮಿಲ್ಲಿನ ನುಣ್ಣನೆ ಹೊಟ್ಟು ಕೂಡ ಬೇಡ, ಮೂಗಿಗೆ ದೂಳು.

ಹತ್ತದೆ ಕೂತರೆ

ಎರಡಂತಸ್ತಿನ ಗೂಡಿನಿಂದ ನನಗೆ ಸಿಕ್ಕ, ಯಾರೂ ಹೇಳದ ಲಾಭ ಒಂದಿದೆ. ಈ ಪ್ರಾಣಿ ನೋವು ಮುಚ್ಚಿಡುತ್ತದೆ. ದಿನಾ ಹತ್ತಿಳಿಯುತ್ತಿದ್ದದ್ದು ಎರಡು ದಿನ ಹಲಗೆಯ ಬುಡದಲ್ಲೇ ಕೂತರೆ ಅದೇ ಮೊದಲ ಸುಳಿವು. ಅಂಗಾಲು ನೋಡಿ, ಉಗುರು ನೋಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಹಾಕಿ. ಸಿ ಜೀವಸತ್ವವನ್ನು ಅವುಗಳ ದೇಹ ತಯಾರಿಸಿಕೊಳ್ಳುವುದಿಲ್ಲ, ಕಡಿಮೆಯಾದರೆ ಕೀಲು ನೋಯುತ್ತದೆ, ಹತ್ತಲಾಗುವುದಿಲ್ಲ. ದಿನಕ್ಕೊಂದು ಚೂರು ಡಬ್ಬು ಮೆಣಸಿನಕಾಯಿ ಆ ಕೊರತೆಗೆ ಸುಲಭದ ಮದ್ದು. ವಯಸ್ಸಾದವು, ಬಸುರಿಯರು ಹತ್ತುವುದೇ ಬೇಡ. ಎರಡು ಗಂಡಿದ್ದರೆ ಬಲಿಷ್ಠನಾದವನು ಹಲಗೆಯ ಬುಡದಲ್ಲಿ ಸುಂಕದವನಂತೆ ಕೂತು ಇನ್ನೊಂದನ್ನು ಬಿಡುವುದಿಲ್ಲ, ಆದ್ದರಿಂದ ನೀರು, ಹುಲ್ಲು, ಎರಡು ಬಾಗಿಲಿನ ಅಡಗುತಾಣ ಮೇಲೂ ಇರಲಿ ಕೆಳಗೂ ಇರಲಿ.

ಬಿದ್ದೇಬಿಟ್ಟರೆ ಎತ್ತಿ ಮುದ್ದಿಸದೆ ಟವೆಲು ಹಾಸಿದ ಗಿಡ್ಡ ಪೆಟ್ಟಿಗೆಗೆ ಸರಿಸಿ. ಹಿಂಗಾಲು ಎಳೆಯುತ್ತಿದ್ದರೆ, ಅರ್ಧ ದಿನ ಏನೂ ತಿನ್ನದಿದ್ದರೆ ಕಾಯಬೇಡಿ. ಸರಕಾರಿ ಪಶು ಆಸ್ಪತ್ರೆಯಲ್ಲಿ ಎಮ್ಮೆ, ಕುರಿಯ ಸಾಲೇ ಹೆಚ್ಚು. ಮೊಲ, ಗಿನಿ ಪಿಗ್ ನೋಡುವ ಡಾಕ್ಟರು ಊರಲ್ಲಿ ಯಾರು ಎಂದು ಆರಾಮಿದ್ದಾಗಲೇ ಕೇಳಿ ನಂಬರು ಬರೆದಿಟ್ಟುಕೊಳ್ಳಿ. ಮನೆಯ ಡಬ್ಬಿಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅಪ್ಪಿತಪ್ಪಿಯೂ ಕುಡಿಸಬೇಡಿ. ಆ ಜಾತಿಯ ಔಷಧ ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಪ್ರಾಣವನ್ನೇ ತೆಗೆಯುತ್ತದೆ.

ಶೇಂಗಾದ ಉಗುರು ಮತ್ತೆ ಬಂದಿದೆ, ಸ್ವಲ್ಪ ಸೊಟ್ಟ. ಹೊಸ ಹಲಗೆ ಹಾಕಿದ ಮೇಲೆ ಇಪ್ಪತ್ತು ದಿನ ಮೇಲೆ ಹೋಗಲೇ ಇಲ್ಲ. ಪಟ್ಟಿಗೊಂದು ಕೊತ್ತಂಬರಿ ಎಲೆಯಿಟ್ಟು ಕಾದೆ. ಕೆಳಗಿನ ಮೂರು ಎಲೆ ತಿಂದು ಕತ್ತು ಚಾಚಿ ನಾಲ್ಕನೆಯದನ್ನು ಎಳೆದುಕೊಂಡು, ಗ್ರಾನೈಟಿನ ಮೇಲೆ ಹೋಗಿ ಮಲಗುತ್ತಿತ್ತು. ಇಪ್ಪತ್ತೊಂದನೇ ದಿನ ನಾನು ಫೋನಿನಲ್ಲಿದ್ದಾಗ ಯಾವಾಗಲೋ ಹತ್ತಿ ಕೂತಿತ್ತು. ನಾನು ನೋಡಿದ್ದು ಇಳಿಯುವುದನ್ನಷ್ಟೇ. ಓಡಲಿಲ್ಲ, ನಡೆದೇ ಬಂತು.